ಹೊಲದ ಬಿಸಿಲು ಮತ್ತು ಮುಖದ ಚರ್ಮದ ರಕ್ಷಣೆ

ತರೀಕೆರೆ ಕಡೆಯ ಅಡಿಕೆ ಬೆಳೆಗಾರರಿಗೆ ಬಿಸಿಲ ಹೊಡೆತದ ವಿಚಾರವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ತೋಟದ ನೈರುತ್ಯ ಅಂಚಿನ ಮರಗಳ ಕಾಂಡಕ್ಕೆ ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ತಾಗುತ್ತದೆ. ಮೊದಲು ಹಳದಿ ಮಚ್ಚೆ, ಆಮೇಲೆ ಕಂದು ಬಣ್ಣ, ಕೊನೆಗೆ ಸೀಳು ಕಾಣಿಸಿಕೊಂಡು ಗಾಳಿಗೆ ಮರ ಮುರಿದು ಬೀಳುತ್ತದೆ. ಆದುದರಿಂದಲೇ ಬೆಳೆಗಾರರು ಕಾಂಡಕ್ಕೆ ಸೋಗೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ, ದಕ್ಷಿಣ ಮತ್ತು ಪಶ್ಚಿಮದ ಅಂಚಿಗೆ ಎತ್ತರದ ಮರಗಳನ್ನು ಬೆಳೆಸುತ್ತಾರೆ. ಹೊಸ ತೋಟ ಹಾಕುವವರಿಗೆ ದಕ್ಷಿಣೋತ್ತರ ಸಾಲನ್ನು 35 ಡಿಗ್ರಿಯಷ್ಟು ನೈರುತ್ಯಕ್ಕೆ ಓರೆ ಮಾಡುವಂತೆ ನಾವೂ ಸಲಹೆ ಕೊಡುತ್ತೇವೆ. ಒಂದು ಸಾಲಿನ ನೆರಳು ಇನ್ನೊಂದು ಸಾಲಿನ ಕಾಂಡವನ್ನು ಕಾಯಲಿ ಎಂಬುದೇ ಇದರ ಉದ್ದೇಶ.

ಮರಕ್ಕೆ ಇಷ್ಟೆಲ್ಲ ಮಾಡುವ ಬೆಳೆಗಾರರ ಕತ್ತಿನ ಹಿಂಭಾಗವನ್ನು ಒಮ್ಮೆ ನೋಡಬೇಕು. ಒಣಗಿದ ಕೆರೆಯ ಅಂಗಳದಂತೆ ಗೆರೆಗಳು ಬಿದ್ದು, ಚರ್ಮ ದಪ್ಪವಾಗಿ ಕಪ್ಪಾಗಿರುತ್ತದೆ. ಅಂಗಿಯ ಕೊರಳಪಟ್ಟಿಯ ಕೆಳಗಿನ ಚರ್ಮ ಮಾತ್ರ ಅದೇ ವ್ಯಕ್ತಿಯದೋ ಅಲ್ಲವೋ ಎಂಬಷ್ಟು ನಯವಾಗಿರುತ್ತದೆ. ವಯಸ್ಸು ಎರಡಕ್ಕೂ ಒಂದೇ. ವ್ಯತ್ಯಾಸ ಬಿಸಿಲಿನದು.

ಬೇಸಾಯಶಾಸ್ತ್ರ ಕಲಿಸುವವನು ಮುಖದ ಚರ್ಮದ ಬಗ್ಗೆ ಬರೆಯುವುದೇಕೆ ಎಂದು ಓದುಗರಿಗೆ ಅನ್ನಿಸಬಹುದು. ಇದು ಅಂದಚೆಂದದ ಲೇಖನವಲ್ಲ. ನನ್ನ ಸ್ವಂತ ಮುಖ ನನಗೆ ಕಲಿಸಿದ ಪಾಠವೊಂದಿದೆ, ಅದನ್ನು ಮುಂದೆ ಹೇಳುತ್ತೇನೆ. ವೈದ್ಯಕೀಯ ಸಂಗತಿಗಳನ್ನು ನನಗೆ ಚಿಕಿತ್ಸೆ ಮಾಡಿದ ಚರ್ಮವೈದ್ಯರಿಂದ ಕೇಳಿ ತಿಳಿದುಕೊಂಡಿದ್ದೇನೆ. ನೆರಳು, ಕಳೆ, ಬಟ್ಟೆ, ಕೆಲಸದ ವೇಳೆ ಇವುಗಳ ವಿಚಾರ ಮಾತ್ರ ನಮ್ಮದೇ ವಿಷಯ.

ಕಾವು ಬೇರೆ, ಕಿರಣ ಬೇರೆ

ಬಿಸಿಲಿನಲ್ಲಿ ನಮಗೆ ಗೊತ್ತಾಗುವುದು ಬೆಳಕು ಮತ್ತು ಕಾವು. ಚರ್ಮಕ್ಕೆ ಹೆಚ್ಚಿನ ಹಾನಿ ಮಾಡುವ ನೇರಳಾತೀತ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಟ್ಟುವುದೂ ಇಲ್ಲ. ನಮ್ಮ ಭಾಗದಲ್ಲಿ ಮೋಸವಾಗುವುದು ಇಲ್ಲಿಯೇ. ಕಡೂರಿನ ಬಯಲು ಬಾಬಾಬುಡನ್ ಗಿರಿಗಳ ಆಚೆಗಿನ ಮಳೆ ನೆರಳಿನ ಪ್ರದೇಶ. ಸಮುದ್ರ ಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆಷಾಢ ಶ್ರಾವಣಗಳಲ್ಲಿ ತಣ್ಣನೆಯ ಗಾಳಿ ಬೀಸುತ್ತಿರುತ್ತದೆ, ಮೋಡ ಓಡುತ್ತಿರುತ್ತದೆ, ಮಳೆ ಮಾತ್ರ ಇರುವುದಿಲ್ಲ. ‘ಇವತ್ತು ಬಿಸಿಲೇ ಇಲ್ಲ’ ಎಂದುಕೊಂಡು ದಿನವಿಡೀ ಬರಿದಲೆಯಲ್ಲಿ ಎಡೆಕುಂಟೆ ಹೊಡೆಯುತ್ತೇವೆ. ತೆಳು ಮೋಡವಾದರೆ ಈ ಕಿರಣಗಳಲ್ಲಿ ನೂರಕ್ಕೆ 80 ಪಾಲಿನವರೆಗೂ ಅದನ್ನು ದಾಟಿ ಬರಬಲ್ಲವು.

ಈ ಕಿರಣಗಳಲ್ಲಿ ಗಿಡ್ಡ ಅಲೆಯವು ಹೊರಚರ್ಮವನ್ನು ಸುಡುತ್ತವೆ. ಉದ್ದ ಅಲೆಯವು ಒಳಚರ್ಮದವರೆಗೆ ಇಳಿದು, ಚರ್ಮಕ್ಕೆ ಬಿಗಿ ಕೊಡುವ ನಾರುಗಳನ್ನು ವರ್ಷಾನುಗಟ್ಟಲೆ ಸ್ವಲ್ಪಸ್ವಲ್ಪವಾಗಿ ತುಂಡರಿಸುತ್ತವೆ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಜೀವಕೋಶದ ಕೇಂದ್ರದ ಮೇಲೆ ಕೊಡೆ ಹಿಡಿದಂತೆ ನಿಂತು ರಕ್ಷಿಸುತ್ತದೆ. ಆದುದರಿಂದ ಬಿಳಿ ಚರ್ಮದ ಜನರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಅಷ್ಟರಿಂದ ನಮಗೆ ಬಿಸಿಲು ಏನೂ ಮಾಡುವುದಿಲ್ಲ ಎಂದು ತಿಳಿಯಬಾರದು. ಹಣೆ, ಕೆನ್ನೆ, ಮೇಲ್ದುಟಿಯ ಮೇಲೆ ಹರಡುವ ಬಂಗು, ಬೇಗನೆ ಬೀಳುವ ಸುಕ್ಕು, ಒಡೆದು ಸಿಪ್ಪೆ ಏಳುವ ಕೆಳದುಟಿ ಇವೆಲ್ಲಕ್ಕೂ ಬಿಸಿಲಿನ ಪಾಲಿದೆ. ಬಂಗು ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯಾದಾಗ ಅಥವಾ ಸಂತಾನ ನಿಯಂತ್ರಣದ ಮಾತ್ರೆ ತೆಗೆದುಕೊಳ್ಳುವಾಗ ಶುರುವಾಗಿ, ಬಿಸಿಲಿಗೆ ಗಾಢವಾಗುತ್ತದೆ. ಕಣ್ಣನ್ನೂ ಮರೆಯುವಂತಿಲ್ಲ. ಕಣ್ಣಿನ ಪೊರೆ ಬೇಗ ಬರುವುದಕ್ಕೂ, ಕಣ್ಣಿನ ಬಿಳಿಭಾಗದಿಂದ ಕಪ್ಪಿನ ಕಡೆಗೆ ಮಾಂಸ ಬೆಳೆದು ಬರುವುದಕ್ಕೂ ಇದೇ ಕಿರಣಗಳು ಒಂದು ಕಾರಣ.

ನೆರಳನ್ನು ಅಳೆಯಿರಿ

ಯಾವ ಹೊತ್ತಿನಲ್ಲಿ ಎಚ್ಚರ ಬೇಕು ಎಂಬುದಕ್ಕೆ ಉಪಕರಣ ಬೇಕಿಲ್ಲ. ಸಮತಟ್ಟು ನೆಲದ ಮೇಲೆ ನಿಂತು ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ ಎಂದರ್ಥ. ಕಿರಣಗಳು ಗಾಳಿಯಲ್ಲಿ ಹೆಚ್ಚು ದೂರ ಸೋಸಿಕೊಳ್ಳದೆ ಇಳಿಯುತ್ತಿವೆ. ಕಡೂರು, ತರೀಕೆರೆ, ಅಜ್ಜಂಪುರಗಳ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ, ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ ಸುಮಾರು 9-20ರಿಂದ ಮಧ್ಯಾಹ್ನ 3-30ರವರೆಗೆ ನೆರಳು ಗಿಡ್ಡವಾಗಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಆ ಅವಧಿ 10-40ರಿಂದ 2-10ರವರೆಗೆ ಮಾತ್ರ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕೆ ಸರಿಯಾಗಿ ಅಲ್ಲ, ಹನ್ನೆರಡೂ ಕಾಲು ದಾಟಿದ ಮೇಲೆ.

ವರ್ಷದಲ್ಲಿ ಎರಡು ಸಲ, ಏಪ್ರಿಲ್ 26ರ ಆಸುಪಾಸು ಮತ್ತು ಆಗಸ್ಟ್ 17ರ ಆಸುಪಾಸು, ನಮ್ಮಲ್ಲಿ ನೆಟ್ಟಗೆ ನೆಟ್ಟ ಗೂಟಕ್ಕೆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಹೊಲದಲ್ಲಿ ಕೆಲಸ ಕಡಿಮೆ, ಜನ ತಾವಾಗಿಯೇ ನೆರಳು ಸೇರುತ್ತಾರೆ. ಆಗಸ್ಟ್ ಹಾಗಲ್ಲ. ಅಜ್ಜಂಪುರ ಮತ್ತು ಕಡೂರಿನ ಈರುಳ್ಳಿ ಹೊಲಗಳಲ್ಲಿ ಆಗ ಸಾಲುಗಟ್ಟಿ ಹೆಂಗಸರು ಕಳೆ ತೆಗೆಯುತ್ತಿರುತ್ತಾರೆ. ಏಪ್ರಿಲ್ ತಿಂಗಳಿನಷ್ಟೇ ಎತ್ತರದ ಸೂರ್ಯ, ಆದರೆ ಮೋಡ ಗಾಳಿಗಳ ಮರೆ.

ಬಾಗಿ ಕಳೆ ತೆಗೆಯುವವರ ಮುಖ ನೆಲವನ್ನು ನೋಡುತ್ತಿರುತ್ತದೆ. ನಮ್ಮ ಮಣ್ಣು ಈ ಕಿರಣಗಳಲ್ಲಿ ಹತ್ತನೇ ಒಂದು ಪಾಲನ್ನೂ ಹಿಂದಕ್ಕೆ ಚೆಲ್ಲುವುದಿಲ್ಲ. ಆದುದರಿಂದ ಅವರಿಗೆ ಪೆಟ್ಟು ಬೀಳುವುದು ಕತ್ತಿನ ಹಿಂಭಾಗ, ಕಿವಿಯ ತುದಿ, ಮುಂಗೈಗಳಿಗೆ. ಕಾವಲಿನಲ್ಲಿ ದನ ಕುರಿ ಕಾಯುವವರು, ಉಳುವವರು, ಅಂಗಳದಲ್ಲಿ ಅಡಿಕೆ ಹರವುವವರು ತಲೆ ಎತ್ತಿರುತ್ತಾರೆ. ಅವರಿಗೆ ಮೂಗು, ಕೆನ್ನೆಯ ದಿಬ್ಬ, ಕೆಳದುಟಿ. ಯಾವ ಭಾಗವನ್ನು ಮುಚ್ಚಬೇಕು ಎಂಬುದನ್ನು ಕೆಲಸವೇ ನಿರ್ಧರಿಸುತ್ತದೆ.

ಮುಲಾಮಿಗಿಂತ ಮೊದಲು ಬಟ್ಟೆ

ಮಲೆನಾಡಿನ ಅಂಚಿನಲ್ಲಿ ಬಳಸುವ ಹಾಳೆ ಟೊಪ್ಪಿ ನೆತ್ತಿಯನ್ನು ಚೆನ್ನಾಗಿ ಕಾಯುತ್ತದೆ. ಹೊರೆ ಹೊರಲೂ ಅನುಕೂಲ. ಆದರೆ ಅದಕ್ಕೆ ಅಂಚಿಲ್ಲ, ಮುಖಕ್ಕೆ ಕತ್ತಿಗೆ ಅದರಿಂದ ಪ್ರಯೋಜನವಿಲ್ಲ. ಪಟ್ಟಣದ ಹುಡುಗರು ಹಾಕುವ ಕ್ರಿಕೆಟ್ ಟೋಪಿಗೆ ಮುಂದೆ ಮಾತ್ರ ಅಂಚು. ಸುತ್ತಲೂ ಮೂರು ಅಂಗುಲವಾದರೂ ಅಂಚಿರುವ ಟೋಪಿ ಬೇಕು. ಅದು ಸಿಗದಿದ್ದರೆ ಟವೆಲನ್ನು ತಲೆಗೆ ಸುತ್ತಿ, ಒಂದು ತುದಿ ಕತ್ತಿನ ಮೇಲೆ ಇಳಿಬೀಳುವಂತೆ ಬಿಡಬೇಕು. ನಮ್ಮ ಹಿರಿಯರ ರುಮಾಲಿನಲ್ಲಿ ಈ ಇಳಿಬಿದ್ದ ತುದಿ ಇದ್ದೇ ಇತ್ತು.

ಬಟ್ಟೆಯನ್ನು ಆರಿಸಲು ಒಂದು ಸುಲಭ ಪರೀಕ್ಷೆ ಇದೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳ ಸಂದಿನಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಕಂಡರೆ ಕಿರಣಗಳೂ ಅಲ್ಲಿಂದಲೇ ನುಸುಳುತ್ತವೆ. ತೆಳುವಾದ ಬಿಳಿ ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಅದರ ತಡೆಯುವ ಶಕ್ತಿ ಇನ್ನೂ ಕುಗ್ಗುತ್ತದೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಮೇಲು. ಕಾವು ಸ್ವಲ್ಪ ಹೆಚ್ಚೆನಿಸಿದರೂ ಸಡಿಲವಾಗಿದ್ದರೆ ಗಾಳಿ ಆಡುತ್ತದೆ.

ಈ ವಿಷಯದಲ್ಲಿ ಕೂಲಿಗೆ ಬರುವ ಹೆಣ್ಣುಮಕ್ಕಳು ನಮ್ಮ ಗುರುಗಳು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದು ಕಟ್ಟಿದ ವಸ್ತ್ರ. ಚರ್ಮವೈದ್ಯರು ಹೇಳುವುದೂ ಇಷ್ಟನ್ನೇ. ಹೊಲದ ಒಡೆಯರು ತಮ್ಮ ಪಾಲಿಗೆ ಮಾಡಬೇಕಾದುದು ಕೆಲಸದ ವೇಳೆಯ ವಿಚಾರ. ಹತ್ತು ಗಂಟೆಗೆ ಬಂದು ಐದಕ್ಕೆ ಹೋಗುವ ಕೂಲಿಯೆಂದರೆ ನೆರಳು ಗಿಡ್ಡವಾಗಿರುವ ಬಹುಪಾಲು ಹೊತ್ತು ಹೊಲದಲ್ಲೇ ಇರುವುದು. ಬೆಳಿಗ್ಗೆ ಏಳಕ್ಕೇ ಕೆಲಸ ಶುರುಮಾಡಿ ಊಟದ ಹೊತ್ತಿಗೆ ಮುಗಿಸುವ ಏರ್ಪಾಡು ಕೆಲವು ಊರುಗಳಲ್ಲಿ ನಡೆಯುತ್ತಿದೆ. ಕೂಲಿ ಕಡಿಮೆ ಮಾಡದೆ ಇದನ್ನು ಒಪ್ಪಿಕೊಂಡರೆ ಇಬ್ಬರಿಗೂ ಒಳ್ಳೆಯದು. ಬೆಳಗಿನ ತಂಪಿನಲ್ಲಿ ಕಳೆ ತೆಗೆಯುವ ಕೈ ಚುರುಕಾಗಿರುತ್ತದೆ.

ಬಿಸಿಲೋ ಕಳೆಯೋ?

ಲಂಟಾನದ ಸೊಪ್ಪು ತಿಂದ ದನವನ್ನು ಕಾಡಂಚಿನ ರೈತರು ಕಂಡಿರುತ್ತಾರೆ. ಮೇವು ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತಿ ಕಿವಿಗಳ ಚರ್ಮ ಸುಲಿದು ಬರುತ್ತದೆ. ಲಂಟಾನದ ವಿಷ ಪಿತ್ತಕೋಶದ ಹರಿವನ್ನು ಕೆಡಿಸುತ್ತದೆ. ಎಲೆಹಸಿರಿನಿಂದ ಹೊಟ್ಟೆಯಲ್ಲಿ ಉಂಟಾಗುವ ಒಂದು ವಸ್ತು ಪಿತ್ತದ ಮೂಲಕ ಹೊರಹೋಗದೆ ರಕ್ತದಲ್ಲಿ ಉಳಿದು ಚರ್ಮಕ್ಕೆ ಬರುತ್ತದೆ. ಅಲ್ಲಿ ಅದಕ್ಕೆ ಬಿಸಿಲು ತಾಗಿದೊಡನೆ ಚರ್ಮ ಸುಡುತ್ತದೆ. ಅದಕ್ಕೇ ಪಶುವೈದ್ಯರು ಮೊದಲು ಹೇಳುವುದು ದನವನ್ನು ನೆರಳಿಗೆ ಕಟ್ಟಿ ಎಂದು. ಗಿಡ ಮತ್ತು ಬಿಸಿಲು ಕೂಡಿ ಮಾಡುವ ಇಂಥ ಕೇಡು ಮನುಷ್ಯನ ಮುಖದಲ್ಲೂ ಉಂಟು. ಅದರ ದಾರಿ ಮಾತ್ರ ಬೇರೆ. ಕಾರಣವಾದ ಗಿಡ ನಮ್ಮೆಲ್ಲರಿಗೂ ಪರಿಚಿತವಾದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ.

ಈ ಕಳೆ ನಮ್ಮ ದೇಶದಲ್ಲಿ ಗಮನಕ್ಕೆ ಬಂದುದು 1955ರಲ್ಲಿ, ಪುಣೆಯಲ್ಲಿ. ಇಪ್ಪತ್ತು ವರ್ಷಗಳಲ್ಲಿ ಅದು ಎಷ್ಟು ಹರಡಿತೆಂದರೆ 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಬೇಕಾಯಿತು. ಅದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಇವನ್ನೆಲ್ಲ ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಾ ಬಂದವನು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಬಿಡುತ್ತದೆ, ಅದರ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಿಷವಸ್ತುವಿದೆ, ಅದು ತಾಗಿದವರಿಗೆ ತುರಿಕೆ ಬರುತ್ತದೆ ಎಂದು ಹಲಗೆಯ ಮೇಲೆ ಬರೆದವನು.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದು ಕಳೆ ಒಣಗುವ ಹೊತ್ತಿಗೆ, ಅಜ್ಜಂಪುರದ ಕಡೆ ರೈತರ ಹೊಲದಲ್ಲಿ ನಮ್ಮ ಪ್ರಯೋಗದ ತಾಕುಗಳನ್ನು ನೋಡಿಬರುವಾಗಲೆಲ್ಲ ನನ್ನ ಮುಖ ಉರಿಯತೊಡಗಿತು. ಕಣ್ಣಿನ ರೆಪ್ಪೆ ಊದಿ, ಕತ್ತಿನ ಪಕ್ಕ ಒರಟಾಗಿ, ರಾತ್ರಿ ನಿದ್ರೆ ಬಾರದಷ್ಟು ನವೆ. ಬಿಸಿಲಿನಿಂದ ಎಂದು ನಾನೇ ತೀರ್ಮಾನಿಸಿದೆ. ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ಮುಲಾಮು ತಂದೆ. ನಾಲ್ಕು ದಿನದಲ್ಲಿ ಮುಖ ತಿಳಿಯಾಯಿತು, ಹಿಂದೆಂದಿಗಿಂತ ಬೆಳ್ಳಗೂ ಆಯಿತು. ಬಿಟ್ಟರೆ ಮತ್ತೆ ಬರುತ್ತಿತ್ತು, ಹಚ್ಚಿದರೆ ಹೋಗುತ್ತಿತ್ತು. ಹೀಗೆ ಹದಿನಾಲ್ಕು ತಿಂಗಳು ಹಚ್ಚಿದೆ. ಕೊನೆಗೆ ಕೆನ್ನೆಯ ಚರ್ಮ ಈರುಳ್ಳಿಯ ಒಳಪೊರೆಯಂತೆ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಕೊಠಡಿಯಿಂದ ಹೊರಗೆ ಕಾಲಿಟ್ಟರೆ ಕೆಂಡ ಇಟ್ಟಂತೆ ಆಗುತ್ತಿತ್ತು. ತಾಕುಗಳ ವೀಕ್ಷಣೆಗೆ ವಿದ್ಯಾರ್ಥಿಗಳನ್ನು ಕಳಿಸಿ ನಾನು ಮರದ ಬುಡದಲ್ಲಿ ನಿಲ್ಲುವ ಸ್ಥಿತಿ ಬಂದಿತು.

ಆಗ ಹೋಗಿ ಕಂಡ ಚರ್ಮವೈದ್ಯರು ಔಷಧಿ ಬರೆಯುವ ಮೊದಲು ಕೈಗನ್ನಡಿ ಕೊಟ್ಟು ಒಂದು ಪ್ರಶ್ನೆ ಕೇಳಿದರು: ‘ನಿಮ್ಮ ಮುಖದಲ್ಲಿ ಬಿಸಿಲೇ ಬೀಳದ ಜಾಗ ಯಾವುದು ಹೇಳಿ?’ ಗದ್ದದ ಕೆಳಗೆ, ಕಿವಿಯ ಹಿಂದೆ, ರೆಪ್ಪೆಯ ಮೇಲಿನ ಮಡಿಕೆಯಲ್ಲಿ. ನನ್ನ ತುರಿಕೆ ಅಲ್ಲೆಲ್ಲ ಇತ್ತು. ಬರಿಯ ಬಿಸಿಲಿನ ಕೇಡಾದರೆ ಈ ನೆರಳಿನ ಜಾಗಗಳು ಉಳಿದುಕೊಳ್ಳುತ್ತವೆ, ಅಡಿಕೆ ಮರದ ಈಶಾನ್ಯದ ಮೈ ಉಳಿದುಕೊಳ್ಳುವಂತೆ. ಗಾಳಿಯಲ್ಲಿ ತೇಲಿ ಬರುವ ಕಳೆಯ ಧೂಳಿಗೆ ಬಿಸಿಲು ನೆರಳಿನ ಭೇದವಿಲ್ಲ. ಅದು ಮಡಿಕೆಗಳಲ್ಲೇ ಹೆಚ್ಚಾಗಿ ಕೂರುತ್ತದೆ. ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಪಾರ್ಥೇನಿಯಂ ಎಂದು ಖಚಿತವಾಯಿತು. ಕಳೆಶಾಸ್ತ್ರ ಕಲಿಸುವವನಿಗೆ ತನ್ನ ಮುಖದ ಮೇಲಿನ ಕಳೆ ಗೊತ್ತಾಗಲಿಲ್ಲ. ಇದನ್ನು ಬರೆಯಲು ಸಂಕೋಚವಾದರೂ ಬರೆಯದಿರುವುದು ತಪ್ಪೆನಿಸಿತು.

ಪಾರ್ಥೇನಿಯಂ ತುರಿಕೆ ಇರುವವರಿಗೆ ಬಿಸಿಲು ತಾಗಿದರೆ ಅದು ಉಲ್ಬಣಿಸುತ್ತದೆ. ವರ್ಷಗಳ ಕಾಲ ಹಾಗೇ ಬಿಟ್ಟರೆ ಕೆಲವರಿಗೆ ಬಿಸಿಲೇ ಆಗದಂತಾಗುತ್ತದೆ. ಅದೇ ಕುಟುಂಬದ ಸೇವಂತಿಗೆ, ಸೂರ್ಯಕಾಂತಿಗಳೂ ಕೆಲವರಿಗೆ ಒಗ್ಗುವುದಿಲ್ಲ. ಇಂಥವರು ಕಳೆ ಕೀಳುವ ಕೆಲಸಕ್ಕೆ ಇಳಿಯದೆ ಬೇರೆಯವರಿಂದ ಮಾಡಿಸಬೇಕು. ಕೀಳುವವರು ಮಳೆ ಬಿದ್ದು ನೆಲ ಹಸಿಯಾಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ಹಾಕಿ ಬೇರುಸಹಿತ ಕೀಳಬೇಕು; ಒಣಗಿದ ಗಿಡವನ್ನು ಅಲುಗಾಡಿಸಿದರೆ ರೋಮ ಧೂಳಾಗಿ ಹಾರುತ್ತದೆ. ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಒಗೆದ ಬಟ್ಟೆಯನ್ನು ಈ ಗಿಡ ಬೆಳೆದ ಬೇಲಿಯ ಮೇಲೆ ಹರವಬಾರದು.

ಟ್ಯೂಬಿನ ಮುಲಾಮು

ನಾನು ಹಚ್ಚಿದ ಮುಲಾಮಿನಲ್ಲಿದ್ದುದು ಸ್ಟೀರಾಯ್ಡ್. ವೈದ್ಯರು ಹೇಳಿದ ರೋಗಕ್ಕೆ, ಹೇಳಿದಷ್ಟು ದಿನ ಮಾತ್ರ ಬಳಸಿದರೆ ಅದು ಒಳ್ಳೆಯ ಔಷಧಿಯೇ. ಅದನ್ನು ಬಂಗಿಗೆ, ಮೊಡವೆಗೆ, ಹುಳುಕಡ್ಡಿಗೆ, ಬೆಳ್ಳಗಾಗಲು ಎಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಸಿಲು ತಡೆಯುವ ಶಕ್ತಿಯೇ ಹೋಗುತ್ತದೆ. ಹುಳುಕಡ್ಡಿ ಮೇಲೆ ಮರೆಯಾದಂತೆ ಕಂಡು ಒಳಗೊಳಗೆ ಹಬ್ಬುತ್ತದೆ. ಇಂಥ ಹದಿನಾಲ್ಕು ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಮಾಡಿತು. ಕೊಳ್ಳುವವರೂ ಟ್ಯೂಬಿನ ಮೇಲಿನ ಹೆಸರು ಓದುವುದನ್ನು ಕಲಿಯಬೇಕು. ಬೀಟಾಮೆಥಸೋನ್, ಮೊಮೆಟಸೋನ್, ಫ್ಲೂಟಿಕಸೋನ್ ಹೀಗೆ ‘ಸೋನ್’ ಎಂದು ಮುಗಿಯುವ ಹೆಸರು ಅಥವಾ ಕ್ಲೋಬೆಟಸಾಲ್ ಎಂದು ಇದ್ದರೆ ಅದು ಸ್ಟೀರಾಯ್ಡ್. ಕೀಟನಾಶಕದ ಡಬ್ಬಿಯ ಮೇಲೆ ಯಾವ ರಾಸಾಯನಿಕ, ಎಷ್ಟು ಶೇಕಡ ಎಂದು ಓದಿ ಕೊಳ್ಳುವ ನಮ್ಮ ರೈತರಿಗೆ ಇದು ಕಷ್ಟವಲ್ಲ. ಈಗಾಗಲೇ ಬಹಳ ದಿನ ಹಚ್ಚಿದವರು ಒಮ್ಮೆಗೇ ನಿಲ್ಲಿಸಿದರೆ ಮುಖ ಉರಿದು ಕೆಂಪಾಗಿ, ಮತ್ತೆ ಅದೇ ಟ್ಯೂಬಿಗೆ ಮರಳುವ ಆಸೆಯಾಗುತ್ತದೆ. ಚರ್ಮವೈದ್ಯರ ಬಳಿ ಹೋಗಿ ಕ್ರಮವಾಗಿ ಬಿಡಬೇಕು. ನನಗೆ ಬಿಡಲು ಏಳು ತಿಂಗಳು ಹಿಡಿಯಿತು.

ಬೆಳ್ಳಗಾಗಿಸುವ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸ ಬೆರೆತಿರುವುದುಂಟು. ಅದು ಚರ್ಮದಿಂದ ಮೈಯೊಳಗೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ತಯಾರಕರ ವಿಳಾಸವಿಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ದಿನನಿತ್ಯದ ಆರೈಕೆ

ಇದರಲ್ಲಿ ಹೇಳುವುದು ಹೆಚ್ಚೇನಿಲ್ಲ. ದಿನಕ್ಕೆ ಎರಡು ಸಲ ತಣ್ಣೀರಿನಿಂದ ಅಥವಾ ಉಗುರು ಬೆಚ್ಚಗಿನ ನೀರಿನಿಂದ ಮುಖ ತೊಳೆದರೆ ಸಾಕು. ಬಟ್ಟೆ ಸೋಪನ್ನು ಮುಖಕ್ಕೆ ಹಚ್ಚಬಾರದು. ಅದರ ಕ್ಷಾರ ಚರ್ಮದ ಎಣ್ಣೆಯಂಶವನ್ನು ತೆಗೆದುಬಿಡುತ್ತದೆ. ಕಡಲೆಹಿಟ್ಟು ಒಗ್ಗುವವರು ಬಳಸಬಹುದು, ತಿಕ್ಕಿ ಉಜ್ಜಬಾರದು. ಔಷಧಿ ಸಿಂಪಡಿಸಿದ ದಿನ ಮಾತ್ರ, ಬೆವರು ಒರೆಸಲೂ ಕೈ ಮುಖಕ್ಕೆ ಹೋಗದಂತೆ ನೋಡಿಕೊಂಡು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಬೇಕು.

ಚಳಿಗಾಲದ ಒಣಗಾಳಿಗೆ ಚರ್ಮ ಒಡೆಯುವವರು ಸ್ನಾನದ ನಂತರ, ಮೈ ಇನ್ನೂ ತೇವವಾಗಿರುವಾಗಲೇ ಕೊಬ್ಬರಿ ಎಣ್ಣೆ ತೆಳುವಾಗಿ ಹಚ್ಚಬೇಕು. ನಮ್ಮ ಕಡೂರಿನ ತೆಂಗಿನ ಎಣ್ಣೆ ಇದಕ್ಕೆ ಯಾವ ಬಾಟಲಿಗೂ ಕಡಿಮೆಯಿಲ್ಲ. ಆದರೆ ಅದು ಬಿಸಿಲನ್ನು ತಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಮೊಡವೆ ಇರುವ ಹುಡುಗ ಹುಡುಗಿಯರು ಮುಖಕ್ಕೆ ಎಣ್ಣೆ ಹಚ್ಚದಿರುವುದು ಮೇಲು. ಕಲೆ ಹೋಗಲಿ ಎಂದು ನಿಂಬೆರಸ ಹಚ್ಚುವ ಪದ್ಧತಿ ನಿಜಕ್ಕೂ ಅಪಾಯಕಾರಿ. ನಿಂಬೆಯಲ್ಲಿರುವ ವಸ್ತು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಬೊಬ್ಬೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿರುವ ದಿನಗಳಲ್ಲಿಯೂ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ.

ಸನ್‌ಸ್ಕ್ರೀನ್ ಎಂಬ ಬಿಸಿಲು ತಡೆಯುವ ಕ್ರೀಮು ಈಗ ಹೋಬಳಿ ಮಟ್ಟದ ಅಂಗಡಿಗಳಲ್ಲೂ ಸಿಗುತ್ತದೆ. ಎಸ್.ಪಿ.ಎಫ್. 30 ಎಂದು ಬರೆದಿರುವುದು ಸಾಕು. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದದಷ್ಟು ಬೇಕು. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೊಲದ ಕೆಲಸದವರಿಗೆ ಈ ಖರ್ಚು ತಿಂಗಳಿಗೆ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಬಂಗು ಇರುವವರಿಗೆ, ತೊನ್ನು ಇರುವವರಿಗೆ, ಹುಟ್ಟಿನಿಂದಲೇ ಮೈಬಣ್ಣವಿಲ್ಲದ ಮಕ್ಕಳಿಗೆ ಇದು ಅಗತ್ಯ. ಉಳಿದವರಿಗೆ ಮೊದಲು ಟೋಪಿ.

ವೈದ್ಯರಿಗೆ ತೋರಿಸಬೇಕಾದ ಗುರುತುಗಳು ಕೆಲವಿವೆ. ತುಟಿ ಅಥವಾ ಮುಖದ ಮೇಲೆ ಒಂದು ತಿಂಗಳಾದರೂ ಮಾಯದ ಹುಣ್ಣು, ಬೆಳೆಯುತ್ತಲೇ ಇರುವ ಗಂಟು, ರಕ್ತ ಒಸರುವ ಮಚ್ಚೆ ಇವನ್ನು ಉದಾಸೀನ ಮಾಡಬಾರದು. ಮುಖದ ಮೇಲೆ ತಿಳಿಬಣ್ಣದ ಮಚ್ಚೆಯಾದರೆ ಚಿಬ್ಬು ಎಂದೋ ಬಿಸಿಲಿನ ಕಲೆ ಎಂದೋ ಸುಮ್ಮನಾಗುವುದು ವಾಡಿಕೆ. ಬಹಳ ಸಲ ಅದು ಅಷ್ಟೇ ಆಗಿರುತ್ತದೆ. ಆದರೂ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಆ ಮಚ್ಚೆಯನ್ನು ಮುಟ್ಟಿ, ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳಿ. ಗೊತ್ತಾಗದಿದ್ದರೆ ಅದು ಕುಷ್ಠರೋಗದ ಮೊದಲ ಗುರುತಾಗಿರಬಹುದು. ಮುಖದಲ್ಲಿ ಸ್ಪರ್ಶ ಗೊತ್ತಾದರೂ ಮಚ್ಚೆ ಹರಡುತ್ತಿದ್ದರೆ ಅಥವಾ ಮೈಮೇಲೆ ಬೇರೆ ಕಡೆಯೂ ಇದ್ದರೆ ತೋರಿಸುವುದೇ ಸರಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಚಿಕಿತ್ಸೆ ಉಚಿತ, ಆರು ತಿಂಗಳಿಂದ ಒಂದು ವರ್ಷ. ಮಾತ್ರೆಗಳನ್ನು ಪೂರ್ತಿ ನುಂಗಿದರೆ ಕಾಯಿಲೆ ಸಂಪೂರ್ಣ ವಾಸಿಯಾಗುತ್ತದೆ.